ಮೋನಾಕರ ಬಸಳೆಗೆ ನನ್ನ ನೀರು

ಇವತ್ತು ಬೆಳಿಗ್ಗೆ ನಮ್ಮ ಗೀಸರ್ ನೋಡಲು ಬಂದ ಪ್ಲಂಬರ್, ಅದರಡಿಯಲ್ಲಿ ತೊಟ್ಟಿಕ್ಕುತ್ತಿದ್ದ ಹಿತ್ತಾಳೆಯ ತುಂಡನ್ನು ಬೆರಳಿನಿಂದ ಒರೆಸಿ, "ಇದನ್ನು ಬಂದ್ ಮಾಡಿ ಬಿಡ್ಲಾ ಸರ್?" ಎಂದ. ನಾನು ಗಕ್ಕನೆ ಅವನ ಕೈ ಹಿಡಿದೆ. ಯಾಕೆಂದು ಹೇಳುತ್ತೇನೆ, ನಗಬಾರದು.

ತೊಂಬತ್ತರ ದಶಕದಲ್ಲಿ ನಾನು ದೋಹಾದ ನಜ್ಮಾ ಬಡಾವಣೆಯಲ್ಲಿ, ಒಂದು ಹಳೆ ಮನೆಯ ಮಹಡಿಯಲ್ಲಿದ್ದೆ. ಹುಟ್ಟಾ ಅನುಮಾನದ ಪ್ರಾಣಿ ನಾನು. ಬಾಗಿಲಿಗಿದ್ದ ಒಂದು ಚಿಲಕ ಸಾಲದೆಂದು ಇನ್ನೆರಡು ಹಾಕಿಸಿದ್ದೆ. ಅಂಗಡಿಯವನು ನಕ್ಕು ಮಾತಾಡಿಸಿದರೆ ಮನೆಗೆ ಬಂದು ಸಾಮಾನು ಮತ್ತೆ ತೂಗುವವನು. ಆದರೆ ಗೀಸರಿನ ಮೇಲೆ ಮಾತ್ರ ಕಣ್ಣು ಬಿದ್ದಿರಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ತಾರಸಿಯ ಟ್ಯಾಂಕಿನಿಂದಲೇ ಸುಡುನೀರು ಬರುತ್ತದೆ. ನಾನು ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ನಿಂತು ಆರಿದ ನೀರನ್ನೇ ತಣ್ಣೀರೆಂದು ಮೀಯುತ್ತಿದ್ದೆ.

ಆ ಚಳಿಗಾಲಕ್ಕೆ ಹೆಂಡತಿ ಸುಮತಿ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಊರಿನಿಂದ ಬಂದಳು. ಮಗುವಿಗೆ ದಿನಾ ಎಣ್ಣೆ, ಬಿಸಿನೀರು ಆಗಲೇಬೇಕು. ಸರಿ, ಸ್ವಿಚ್ ಹಾಕಿದೆ. ಹೆಸರು ಅಳಿಸಿಹೋದ ಮುದಿ ಗೀಸರ್. ಅಡಿಯಲ್ಲಿ ಹೆಬ್ಬೆರಳು ಗಾತ್ರದ, ಪುಟ್ಟ ಹಿಡಿಯಿರುವ ಹಿತ್ತಾಳೆಯ ವಸ್ತು. ಊರಿನ ಹಂಡೆಗೆ ಇಂಥದ್ದೇನೂ ಇರಲಿಲ್ಲ. ಅದರ ಬಾಯಿಂದ ಸಪೂರ ಪೈಪೊಂದು ಗೋಡೆ ತೂರಿ ಹೊರಗೆ ಹೋಗಿತ್ತು. ಎಲ್ಲಿಗೆ? ಕಿಟಕಿಯಿಂದ ಬಗ್ಗಿ ನೋಡಿದೆ. ಹನಿ ಹನಿಯಾಗಿ ನೀರು ಬೀಳುತ್ತಿದ್ದದ್ದು ಕೆಳಮನೆಯ ಮೋನಾಕರ ಬಸಳೆ ಬುಡಕ್ಕೆ!

ಮೋನಾಕ ಬಂಟ್ವಾಳದ ಬ್ಯಾರಿ. ಇಪ್ಪತ್ತು ವರ್ಷದಿಂದ ದೋಹಾದಲ್ಲಿ ಪೈಪಿನ ಕೆಲಸ. ಮರಳಿನ ಊರಿನಲ್ಲಿ ಇವರ ಬಸಳೆ ಮಾತ್ರ ಚಪ್ಪರ ತುಂಬಿದ್ದು ಹೇಗೆಂದು ನಾನು ಮೊದಲೇ ಯೋಚಿಸಬೇಕಿತ್ತು.

"ಆ ಪೈಪು ಹಾಕಿದ್ದು ಯಾರು?" ಎಂದು ಇಳಿದು ಹೋಗಿ ಅವರನ್ನೇ ಕೇಳಿದೆ.

"ನಾನೇ. ಅದನ್ನು ಮುಟ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಹಳೇ ಮಾಲು. ಬಿಸಿಯಾಗುವಾಗ ಅದು ನೀರು ಬಿಡ್ಲೇಬೇಕು."

ಮುಟ್ಟಬೇಡಿ ಅಂದರಲ್ಲ, ನನ್ನ ನೀರು ಕದಿಯಲಿಕ್ಕೇ ಈ ಪೈಪೆಂದು ನನಗೆ ಅಲ್ಲಿಗೆ ಖಾತ್ರಿಯಾಯಿತು. ಶುಕ್ರವಾರ ಅವರು ನಮಾಜಿಗೆ ಹೋದ ಹೊತ್ತು ನೋಡಿ, ಪೈಪು ಬಿಚ್ಚಿ, ಪೊರಕೆ ಕೋಲಿನ ತುಂಡೊಂದನ್ನು ಬಟ್ಟೆ ಸುತ್ತಿ ಆ ಹಿತ್ತಾಳೆಯ ಬಾಯಿಗೆ ಜಡಿದೆ. ಹನಿ ನಿಂತಿತು. ಗೆದ್ದೆ ಎಂದುಕೊಂಡು ಗೀಸರ್ ಹಾಕಿದೆ.

ಸ್ವಲ್ಪ ಹೊತ್ತಿನಲ್ಲಿ ಸುಮತಿ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕತೊಡಗಿದಳು. ಗೀಸರ್ ಅವಳ ತಲೆಯ ಮೇಲೇ ಇತ್ತು.

"ಹೋಯ್, ಇದು ಗುರ್‌ಗುರ್ ಅಂತ ಉಂಟು ನೋಡಿ," ಎಂದಳು.

"ಹಳೆಯದಲ್ವಾ, ಹಾಗೆಯೇ," ಎಂದೆ.

ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು. ಮೋನಾಕರ ದನಿ. ಬಸಳೆಗೆ ನೀರಿಲ್ಲವೆಂದು ಎಷ್ಟು ಬೇಗ ಗೊತ್ತಾಯಿತು ನೋಡಿ! "ಏನು ಬೇಕಿತ್ತು?" ಎಂದು ಒಳಗಿನಿಂದಲೇ ಕೇಳಿದೆ.

"ಗೀಸರ್ ಆಫ್ ಮಾಡಿ! ಮಗುವನ್ನು ಹೊರಗೆ ತನ್ನಿ! ಯಲ್ಲಾ, ಯಲ್ಲಾ, ಬೇಗ!"

ಆ ದನಿಯಲ್ಲಿ ಬಸಳೆ ಇರಲಿಲ್ಲ. ಓಡಿ ಸ್ವಿಚ್ ಆರಿಸಿದೆ. ಸುಮತಿ ಎಣ್ಣೆ ಮೈಯ ಮಗುವನ್ನು ಅವುಚಿಕೊಂಡು ಹೊರಗೆ ಬಂದಳು. ಮೂರು ಚಿಲಕಗಳನ್ನೂ ಒಂದೊಂದಾಗಿ ತೆಗೆದೆ. ಮೋನಾಕ ನನ್ನನ್ನು ತಳ್ಳಿಕೊಂಡು ಒಳಹೊಕ್ಕು, ಬದಿಗೆ ನಿಂತು ಬಿಸಿನೀರಿನ ನಲ್ಲಿ ತಿರುಗಿಸಿದರು. ಬುಸ್ಸೆಂದು ಬಂದ ಹಬೆಗೆ ಬಚ್ಚಲೇ ಕಾಣದಾಯಿತು.

"ಒಳಗೆ ಶಾಖ ತಡೆಯುವ ಸ್ವಿಚ್ಚು ಖಲಾಸ್ ಆಗಿದೆ," ಎಂದರು, ಉಸಿರು ಸಿಕ್ಕಿದ ಮೇಲೆ. "ಒತ್ತಡ ಹೊರಗೆ ಹೋಗ್ಲಿಕ್ಕೆ ಆ ಹಿತ್ತಾಳೆಯ ಬಾಯಿ ಒಂದೇ ದಾರಿ. ಇನ್ನು ಸ್ವಲ್ಪ ಹೊತ್ತಾಗಿದ್ರೆ ಟ್ಯಾಂಕೇ ಒಡೀತಿತ್ತು. ಹನಿ ಕಣ್ಣಿಗೆ ಬೀಳ್ಲಿ ಅಂತಲೇ ಪೈಪನ್ನು ಬಸಳೆಗೆ ಬಿಟ್ಟದ್ದು. ಮೇಲೆ ಮಗು ಉಂಟಲ್ವಾ, ದಿನಾ ನೋಡ್ತಿದ್ದೆ. ಇವತ್ತು ಮಸೀದಿಯಿಂದ ಬರುವಾಗ ಗೀಸರಿನ ಸದ್ದು ಕೇಳ್ತದೆ, ಹನಿ ಇಲ್ಲ."

ಆಮೇಲೆ ಪೊರಕೆ ಕೋಲಿನ ತುಂಡನ್ನು ಕಿತ್ತು, ಸುಮತಿಗೆ ಕಾಣದಂತೆ ಜೇಬಿಗೆ ಹಾಕಿಕೊಂಡರು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಸಂಜೆ ಅವರ ಮನೆಯಿಂದ ಒಂದು ಕಟ್ಟು ಬಸಳೆ ಬಂತು. ಅದೊಂದನ್ನು ಮಾತ್ರ ಬಿಚ್ಚಿ ನೋಡದೆ ಅಡುಗೆಮನೆಗೆ ಕೊಟ್ಟೆ.

ಪ್ಲಂಬರ್ ಇನ್ನೂ ನನ್ನ ಮುಖ ನೋಡುತ್ತಿದ್ದ. ಪಕ್ಕದ ಕೋಣೆಯಲ್ಲಿ ಬಾಣಂತನಕ್ಕೆ ಬಂದಿರುವ ಮಗಳು ತನ್ನ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. "ಬಂದ್ ಮಾಡ್ಬೇಡ. ಒಂದು ಪೈಪು ಹಾಕಿ ಕೆಳಗೆ ಬಿಡು," ಎಂದೆ.

ಮಧ್ಯಾಹ್ನ ಕೆಳಮನೆಯವರ ಅಂಗಳಕ್ಕೆ ಇಳಿದು, ಅವರನ್ನು ಕೇಳಿ, ಹನಿ ಬೀಳುವಲ್ಲಿ ಒಂದು ಬಸಳೆ ಬಳ್ಳಿ ಊರಿದೆ. ಅವರು ನನ್ನನ್ನು ಅನುಮಾನದಿಂದಲೇ ನೋಡಿದರು.

"ಗೀಸರ್ ಉರಿಯುವಾಗ ಇಲ್ಲಿ ಹನಿ ಕಾಣದಿದ್ರೆ ಕೂಡಲೇ ಮೇಲೆ ಬನ್ನಿ," ಎಂದೆ. "ಬೆಲ್ ಒತ್ತುವುದು ಬೇಡ. ಚಿಲಕ ಹಾಕಿರುವುದಿಲ್ಲ."