ನಾಲ್ಕರಲ್ಲಿ ಮೂರು ಮನೆಯ ಮುದ್ದೆ

ನನ್ನ ಸೊಸೆ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಹೋದ ವರ್ಷ ಮಗಳ ಕೂಸಿಗೆ ತಾಳ್ಯದ ನಮ್ಮ ಮನೆಯಲ್ಲೇ ತೊಟ್ಟಿಲು ಹಾಕುವುದಾಯಿತು. ಬರುವವರು ಇನ್ನೂರು ಜನ. ಹೊಸದುರ್ಗದಿಂದ ಬೀಗರೂ ಬರುವವರು. ಅಡುಗೆಯ ಜವಾಬ್ದಾರಿ ಮೊದಲ ಸಲ ಸೊಸೆಯದು. ಬೀಗರ ಎಲೆಯಲ್ಲಿ ಏನಾದರೂ ಸಾಲದೆ ಹೋದರೆ ಬೈಗುಳವೂ ಅವಳಿಗೇ.

ಮುದ್ದೆ ಎಷ್ಟು, ಚಪಾತಿ ಎಷ್ಟು ಅನ್ನುವುದು ಅವಳ ಚಿಂತೆ. ಪುಸ್ತಕ, ಪೆನ್ನು ಹಿಡಿದು ನಲವತ್ತು ಮನೆಗೆ ಹೋಗಿ, ಮನೆಗೊಬ್ಬರನ್ನು ಕೇಳಿ ಬಂದಳು. ಮುದ್ದೆ ಎಂದವರು ಬರೀ ಹತ್ತು.

"ನಲವತ್ತರಲ್ಲಿ ಹತ್ತು ಅಂದ್ರೆ ನಾಲ್ಕರಲ್ಲಿ ಒಂದು. ಯಾರೇ ಊಟಕ್ಕೆ ಕೂತ್ರೂ ಅವ್ರು ಮುದ್ದೆ ಕೇಳೋ ಸಂಭವ ಅಷ್ಟೇ ಅತ್ತೆ. ಇನ್ನೂರಕ್ಕೆ ಐವತ್ತು ಮುದ್ದೆ ಸಾಕು."

"ಸುಳ್ಳು ಬೊಗಳವ್ರೆ ಎಲ್ರೂ," ಎಂದೆ.

"ನೀವೂ ಚಪಾತಿ ಅಂತಾನೇ ಬರೆಸಿದ್ರಲ್ಲ?"

ಬರೆಸಿದ್ದೆ. ಬಾಯಲ್ಲಿ ಇರುವುದು ನಾಲ್ಕು ಹಲ್ಲು, ಚಪಾತಿ ಎಲ್ಲಿ ಅಗಿಯಲಿ? ಪಕ್ಕದಲ್ಲಿ ನಾದಿನಿ ಕೂತು ಚಪಾತಿ ಎಂದಿದ್ದಳು. ಅವಳ ಮುಂದೆ ನಾನು ಮುದ್ದೆ ಅನ್ನಲೇ? ಟೀಚರಮ್ಮ ಪೆನ್ನು ಹಿಡಿದು ಕೇಳಿದರೆ ಬಡವರ ಊಟ ಅಂದುಕೊಂಡಾರು ಎಂದು ನಮ್ಮೂರಲ್ಲಿ ಹೆಚ್ಚಿನವರ ಬಾಯಲ್ಲಿ ಮುದ್ದೆ ಬರುವುದಿಲ್ಲ.

"ಬಾಯಿ ಕೇಳ್ಬ್ಯಾಡ, ಪಾತ್ರೆ ನೋಡು ಬಾ," ಎಂದು ಮರುದಿನ ಬೆಳಗ್ಗೆ ಅವಳನ್ನು ಎಳೆದುಕೊಂಡು ಹೋದೆ. ಆ ಹೊತ್ತಿಗೆ ಹೆಂಗಸರೆಲ್ಲ ಬಾಗಿಲ ಮುಂದೆ ಪಾತ್ರೆ ತಿಕ್ಕುತ್ತಿರುತ್ತಾರೆ. ರಾತ್ರಿ ಮುದ್ದೆ ಮಾಡಿದ ಮನೆಯಲ್ಲಿ ತಳ ಹಿಡಿದ ಪಾತ್ರೆ ನೀರಲ್ಲಿ ನೆನೆಯುತ್ತಿರುತ್ತದೆ, ಮುದ್ದೆ ಕೋಲು ಗೋಡೆಗೆ ಒರಗಿರುತ್ತದೆ.

"ಏನ್ರವ್ವಾ, ಅತ್ತೆ-ಸೊಸೆ ಪಾತ್ರೆ ಕದಿಯಾಕೆ ಬಂದ್ರಾ?" ಎಂದಳು ಒಬ್ಬಳು.

"ನಿನ್ ತೂತು ಪಾತ್ರೆ ಯಾರಿಗೆ ಬೇಕು, ತಿಕ್ಕು ಸುಮ್ನೆ," ಎಂದೆ.

ಅದೇ ನಲವತ್ತು ಮನೆ. ಮೂವತ್ತರಲ್ಲಿ ಮುದ್ದೆ ಪಾತ್ರೆ. ಸೊಸೆ ಪುಸ್ತಕದಲ್ಲಿ ಹತ್ತನ್ನು ಹೊಡೆದುಹಾಕಿ ಮೂವತ್ತು ಬರೆದಳು. ನಾಲ್ಕರಲ್ಲಿ ಮೂರು. ಇನ್ನೂರಕ್ಕೆ ನೂರೈವತ್ತು ಮುದ್ದೆ. ನಾನು ಊರೆಲ್ಲ ಎದೆ ಸೆಟೆಸಿಕೊಂಡು ಓಡಾಡಿದೆ.

ತೊಟ್ಟಿಲ ದಿನ ಮೊದಲ ಪಂಕ್ತಿಯಲ್ಲೇ ಗಂಡಸರು ಎರಡೆರಡು ಮುದ್ದೆ ನುಂಗಿದರು. ಕೊನೆ ಪಂಕ್ತಿಯಲ್ಲಿ ಬೀಗಿತ್ತಿ ಕೂರುವ ಹೊತ್ತಿಗೆ ಬುಟ್ಟಿ ಖಾಲಿ. ಅವಳ ಎಲೆಗೆ ಚಪಾತಿ ಬಿತ್ತು.

"ಯಾಕವ್ವ, ಮುದ್ದೆ ನಮ್ಗಿಲ್ವಾ?" ಎಂದಳು ಎಲ್ಲರಿಗೂ ಕೇಳುವಂತೆ.

ಬಡಿಸುತ್ತಿದ್ದ ಸೊಸೆ ಬುಟ್ಟಿ ಅಲ್ಲೇ ಇಟ್ಟಳು. ಒಳಗೆ ಓಡಿ ಬಂದು, "ಅತ್ತೆ, ಎಷ್ಟು ಜನ ತಿಂತಾರೆ ಅಂತ ಲೆಕ್ಕ ಹಾಕಿದ್ವಿ. ಒಬ್ಬೊಬ್ರು ಎಷ್ಟು ತಿಂತಾರೆ ಅಂತ ನೋಡ್ಲೇ ಇಲ್ಲ!" ಎಂದಳು.

"ಪಾತ್ರೆ ಎಣಿಸ್ದೋಳು ನಾನು, ಬೈಗುಳ ನಂಗಿರ್ಲಿ. ನೀನು ಎಸರಿಡು," ಎಂದೆ. ಹೊರಗೆ ಹೋಗಿ ಬೀಗಿತ್ತಿಗೆ, "ತಪ್ಪು ನಂದು ಕಣವ್ವ, ನಿನ್ ಮುದ್ದೆ ಇನ್ನೂ ಒಲೆ ಮೇಲೈತೆ," ಎಂದೆ.

ಅವಳು ಎಲೆ ಬಿಟ್ಟೆದ್ದಳು. ಮುನಿಸಿಕೊಂಡು ಹೊರಟೇ ಹೋದಳು ಅಂದುಕೊಂಡೆ. ಸೆರಗು ಸಿಕ್ಕಿಸಿಕೊಂಡು ನೇರ ಅಡುಗೆಮನೆಗೆ ನುಗ್ಗಿ ಸೊಸೆಯ ಕೈಯಿಂದ ಕೋಲು ಕಿತ್ತುಕೊಂಡಳು. "ಸರಿಯವ್ವ ಅತ್ಲಾಗೆ, ಗಂಟಾಯ್ತದೆ," ಎಂದು ತಿರುವಿದಳು. ಒಲೆಯ ಪಕ್ಕದಲ್ಲೇ ಕೂತು ತಾನೂ ಎರಡು ನುಂಗಿದಳು.