ಜಮಾಲುನ್ನೀಸಾಳ ಕಿವಿಯ ಪದಗಳು

ಗುಬ್ಬಿಯ ನನ್ನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಜಮಾಲುನ್ನೀಸಾಳಿಗೆ ಬಾರದ ಕೆಲಸವೇ ಇರಲಿಲ್ಲ. ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡೇ ಉಪ್ಪಿಟ್ಟು ತಿರುವುವಳು. ಮಗು ಕಳಿಸದ ಮನೆಗೆ ಹೋಗಿ, ಜಗಳವಾಡಿ, ಎತ್ತಿಕೊಂಡೇ ಬರುವಳು. ಬಾರದಿದ್ದದ್ದು ಇಂಗ್ಲಿಷ್ ಮಾತ್ರ. ಹಾಳಾದ ಆ ಒಂದು ವಿಷಯದಲ್ಲಿ ನಪಾಸಾಗಿ ಅವಳ ಎಸ್ಸೆಸ್ಸೆಲ್ಸಿ ಅರ್ಧಕ್ಕೇ ನಿಂತಿತ್ತು.

ತೊಂಬತ್ತೇಳರಲ್ಲಿ ನಮ್ಮ ಯಜಮಾನರಿಗೆ ಕುಣಿಗಲ್ಲಿಗೆ ವರ್ಗವಾಯಿತು. ನಾನು ಹೊರಟರೆ ಟೀಚರ್ ಜಾಗ ಖಾಲಿ. ಜಮಾಲ ಪಾಸಾದರೆ ಆ ಜಾಗ ಅವಳದು, ಇಲ್ಲವಾದರೆ ಯಾರೋ ಹೊಸಬಳು ಬಂದು ಅವಳ ಮೇಲೆ ದರ್ಬಾರು ನಡೆಸುವಳು. ನೆನೆದರೇ ನನಗೆ ಮೈ ಉರಿಯುತ್ತಿತ್ತು.

"ಈ ಸಲ ಪರೀಕ್ಷೆ ಕಟ್ಟಲಿಲ್ಲ ಅಂದ್ರೆ ನನ್ನ ಮುಖ ನೋಡ್ಬೇಡ ಕಣೇ," ಎಂದೆ.

ಕಲಿಸುವ ಭಾರ ಅವಳ ಗಂಡ ಅಬ್ದುಲ್ ರಶೀದರ ಮೇಲೆ ಬಿತ್ತು. ಬಸ್ ಸ್ಟ್ಯಾಂಡಿನ ಪಕ್ಕ ಅವರದು ಹಣ್ಣಿನಂಗಡಿ. ಪಿಯುಸಿ ಓದಿದ್ದರು, ಎದೆ ಮುಟ್ಟುವ ಗಡ್ಡವಿತ್ತು, ಮಾತು ಮಾತ್ರ ಬಲು ಕಡಿಮೆ. ಅಂಗನವಾಡಿ ಮುಗಿಸಿ ಅವಳು ಅಂಗಡಿಯಲ್ಲಿ ಓದಲು ಕೂರುವಳು. ಎಷ್ಟು ಉರು ಹೊಡೆದರೂ ಬೆಳಗಾಗುವಷ್ಟರಲ್ಲಿ ಎಲ್ಲ ಮಾಯ.

ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋದಾಗ ಪುಸ್ತಕದ ಮೇಲೆ ಬೆರಳಿಟ್ಟು ಕಿರುಚಿದಳು.

"ಅಕ್ಕಾ, ಇಲ್ನೋಡಿ! ಇ-ಎ-ಆರ್ ಅಂದ್ರೆ ಇಯರ್, ಕಿವಿ ತಾನೆ? ಅದರ ಮುಂದೊಂದು ಎಚ್ ಇಟ್ರೆ ಹಿಯರ್, ಕೇಳೋದು. ಕಿವಿ ಇಲ್ದೆ ಹೆಂಗ್ ಕೇಳ್ತಾರೆ?"

ಅಷ್ಟೇ, ಅಮ್ಮಣ್ಣಿಗೆ ಹುಚ್ಚು ಹಿಡಿಯಿತು. ಎಲ್ಲೆಲ್ಲಿ ಆ ಮೂರಕ್ಷರ ಅಡಗಿವೆಯೋ ಹುಡುಕಿ ತೆಗೆದಳು. ನಿಯರ್ ಎಂದರೆ ಹತ್ತಿರ, ಕಿವಿಯಲ್ಲಿ ಹೇಳುವಷ್ಟು ಹತ್ತಿರ. ಫಿಯರ್ ಎಂದರೆ ಭಯ, ಮೊಲಕ್ಕೆ ಭಯವಾದರೆ ಮೊದಲು ನಿಮಿರುವುದೇ ಕಿವಿ. ಪರ್ಲ್ ಎಂದರೆ ಮುತ್ತು, ಅದನ್ನು ಕಿವಿಗೆ ತಾನೆ ಹಾಕುವುದು! ಹಾರ್ಟ್ ಸಿಕ್ಕಾಗ ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಎದೆಗೂ ಒಂದ್ ಕಿವಿ ಇಟ್ಟವ್ರೆ ಅಕ್ಕಾ," ಎಂದಳು. ಆಮೇಲೆ ಸಿಟ್ಟು ಬಂತು. "ಅದೇ ಮೂರಕ್ಷರ! ಒಂದ್ಕಡೆ ಇಯರ್, ಒಂದ್ಕಡೆ ಆರ್, ಇನ್ನೊಂದ್ಕಡೆ ಅರ್. ಇದಕ್ಕೇನು ನಾಲಿಗೆ ನೆಟ್ಟಗಿಲ್ವಾ?"

ಬೇರ್ ಎಂದರೆ ಕರಡಿ. ಅದರ ಹಿಂದೆ ಡಿ ಇಟ್ಟರೆ ಬಿಯರ್ಡ್, ಗಡ್ಡ. "ಗಡ್ಡದೊಳಗೆ ಕರಡಿ, ಕರಡಿಯೊಳಗೆ ಕಿವಿ!" ಎಂದು ಗಂಡನ ಮುಖ ನೋಡಿ ನಕ್ಕಳು ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳಬೇಕಾಯಿತು. ರಶೀದರು ಗಡ್ಡ ನೀವಿಕೊಂಡು ಮೂಸಂಬಿ ಜೋಡಿಸುತ್ತಾ ಕೂತರು.

ಪರೀಕ್ಷೆ ತುಮಕೂರಿನಲ್ಲಿ. ನಾನೂ ಜೊತೆಗೆ ಹೋಗಿ ಗೇಟಿನ ಹೊರಗೆ ಕಾದೆ. ನಗುನಗುತ್ತಲೇ ಬಂದಳು.

"ಅಪ್ಪಂಗೆ ಕಾಗದ ಬರೀರಿ ಅಂತ ಕೇಳಿದ್ರು. ನಿಯರ್ ಫಾದರ್ ಅಂತ ಶುರು ಮಾಡ್ದೆ."

"ನಿಯರಾ? ಡಿಯರ್ ಅಲ್ವೇನೇ!"

"ಏ ಬಿಡಿ ಅಕ್ಕಾ. ಹೆತ್ತಪ್ಪಂಗೆ ಯಾರಾದ್ರೂ ದುಬಾರಿ ಅಪ್ಪ ಅಂತ ಬರೀತಾರಾ?"

ನನಗೆ ತಲೆಬುಡ ತಿಳಿಯಲಿಲ್ಲ. ಕೆದಕಿದಾಗ ಗೊತ್ತಾಯಿತು. ಡಿಯರ್ ಎಂದರೇನೆಂದು ಗಂಡನನ್ನು ಕೇಳಿದ್ದಾಳೆ, ದುಬಾರಿ ಎಂದಿದ್ದಾರೆ. ಅರ್ಥ ಗೊತ್ತಿಲ್ಲದಾಗ ಸರಿಯಾಗಿ ಬರೆಯುತ್ತಿದ್ದವಳು ಅರ್ಥ ತಿಳಿದ ಮೇಲೆ ತಪ್ಪು ಬರೆದು ಬಂದಿದ್ದಳು. ನಾನು ಹಣೆ ಚಚ್ಚಿಕೊಂಡು, ಅದಕ್ಕೆ ಪ್ರೀತಿಯ ಅನ್ನೋ ಅರ್ಥವೂ ಇದೆ ಎಂದೆ. ಅವಳ ನಗು ಹಾರಿಹೋಯಿತು. ಗುಬ್ಬಿ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕಾಗದದ ಅಂಕ ಹೋದರೆ ಪಾಸಾಗುವುದು ಅನುಮಾನವೆಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸಿಳಿದವಳೇ ನೇರ ಅಂಗಡಿಗೆ ನುಗ್ಗಿದೆ.

"ಏನ್ ಸಾಹೇಬ್ರೇ, ಹೆಂಡ್ತಿಗೆ ಹಿಂಗಾ ಹೇಳ್ಕೊಡೋದು?"

"ಅದೂ ಒಂದ್ ಅರ್ಥ ಐತೆ ಟೀಚರಮ್ಮ," ಎಂದರು ಮೆಲ್ಲಗೆ.

"ಇನ್ನೊಂದು ಹೇಳೋಕೆ ಏನಾಗಿತ್ತು ನಿಮ್ಗೆ?"

"ಅಂಗಡಿ ತುಂಬ ಗಿರಾಕಿಗಳಿದ್ರು..."

ಬೈಯಲು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಜಮಾಲ ಮಾತ್ರ ನಗಲಿಲ್ಲ. ರಶೀದರು ಆವತ್ತು ರಾತ್ರಿ ಊಟ ಮಾಡಲಿಲ್ಲವಂತೆ.

ಫಲಿತಾಂಶ ಬಂದಾಗ ನಾವು ಗಂಟುಮೂಟೆ ಕಟ್ಟುತ್ತಿದ್ದೆವು. ಜಮಾಲ ಓಡಿಬಂದು ನನ್ನನ್ನು ತಬ್ಬಿಕೊಂಡು ಗಿರ್‍ರನೆ ತಿರುಗಿಸಿದಳು. ಪಾಸು! ಕೂದಲೆಳೆಯಲ್ಲಿ, ಆದರೆ ಪಾಸು! ನಿಯರ್ ಫಾದರ್ ಕಾಗದಕ್ಕೂ ಅಂಕ ಕೊಟ್ಟಿದ್ದಾರೆಂದರೆ, ಮೌಲ್ಯಮಾಪನ ಮಾಡಿದ ಪುಣ್ಯಾತ್ಮರಿಗೂ ದೂರದಲ್ಲೊಬ್ಬ ಮಗಳಿದ್ದಿರಬೇಕು ಎಂದುಕೊಂಡೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ಕುಣಿಗಲ್ಲಿಗೆ ಹೋಗುವ ಬೇಸರವೇ ಮರೆತುಹೋಯಿತು. ಮುಂದೆ ಅವಳಿಗೆ ಟೀಚರ್ ಕೆಲಸದ ಆರ್ಡರ್ ಬಂತು, ಅಂಗನವಾಡಿಯ ಬೀಗದ ಕೈಯನ್ನು ನಾನೇ ಅವಳ ಸೆರಗಿಗೆ ಗಂಟು ಹಾಕಿದೆ.

ಹೊರಡುವ ದಿನ ಬಸ್ಸಿಗೆ ಕಾಯುತ್ತಾ ಅಂಗಡಿಯ ಮುಂದೆ ನಿಂತಿದ್ದೆ. ಗಿರಾಕಿಗಳು ಯಾರೂ ಇರಲಿಲ್ಲ. ಜಮಾಲ ಸೊಂಟದ ಮೇಲೆ ಕೈಯಿಟ್ಟು ಗಂಡನ ಎದುರು ನಿಂತಳು.

"ಏನ್ರೀ, ಈಗ ಹೇಳಿ. ಡಿಯರ್ ಅಂದ್ರೇನು?"

ರಶೀದರು ನನ್ನ ಕಡೆ ನೋಡಿದರು. ಕಿವಿ ಕೆಂಪಾದವು.

"ಟೀಚರಮ್ಮ ಇಲ್ಲೇ ಅವ್ರಲ್ಲ..."

"ನಂಗೇನೂ ಕೇಳ್ಸಲ್ಲಪ್ಪ," ಎಂದು ನಾನು ಎರಡೂ ಕಿವಿ ಮುಚ್ಚಿಕೊಂಡೆ. ಸರಿಯಾಗಿ ಮುಚ್ಚಿರಲಿಲ್ಲ, ಆ ಮಾತು ಬೇರೆ.

"ನೀನೇ ಕಣೇ," ಎಂದರು ರಶೀದರು.