ಹಳೇ ಆಟಿಕೆಗಳ ಕಾವಲಿಗೆ ಸಾಫ್ತಾ

ಶನಿವಾರ, ಬೆಳಗಿನ ಜಾವ ಐದೂವರೆ. ಬ್ರೈಲಾ ಊರಿನ ನಮ್ಮ ಕಟ್ಟಡದಲ್ಲಿ ಹಿಂದೆ ಬಟ್ಟೆ ಒಣಹಾಕುತ್ತಿದ್ದ ನೆಲಮಾಳಿಗೆಯ ಕೋಣೆ. ಸಾಫ್ತಾ ಮುಂತೆಯಾನು ಎಂಬ ಹಿರಿಯ ಹೆಂಗಸು ಒಂದು ಆಟಿಕೆ ರೈಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೇನೋ ಕಟಕಟ ಎನ್ನುತ್ತದೆ. ಅವರ ಮುಖ ಬಿಳಿಚಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಒಂದು ಒಣ ಬಟಾಣಿ. "ಯಾವ ಮಗುವೋ ರೈಲಿಗೆ ಊಟ ಹಾಕಿದೆ," ಎನ್ನುತ್ತಾರೆ, ನಗದೆ.

ಎಂಟಕ್ಕೆ ಬಾಗಿಲು ತೆರೆದರೆ ಸುತ್ತಲಿನ ಐದು ಕಟ್ಟಡಗಳ ತಾಯಂದಿರು ಬರುತ್ತಾರೆ. ಮಕ್ಕಳಿಗೆ ಚಿಕ್ಕದಾದ ಕೋಟು, ಬೂಟು, ಆಡಿ ಬಿಟ್ಟ ಆಟಿಕೆ ತಂದಿಟ್ಟು, ಬೇಕಾದದ್ದು ಆರಿಸಿಕೊಂಡು ಹೋಗುತ್ತಾರೆ. ವಾರಕ್ಕೆ ನಲವತ್ತು ಮನೆ, ಇನ್ನೂರು ಬಟ್ಟೆ, ಅರವತ್ತು ಆಟಿಕೆ. ಎಲ್ಲವೂ ಸಾಫ್ತಾರ ಕೈ ದಾಟಬೇಕು. ಇಪ್ಪತ್ತೆಂಟು ವರ್ಷ ಉಡುಪು ಕಾರ್ಖಾನೆಯಲ್ಲಿ ಗುಂಡಿ ಹೊಲಿದ ಕೈ ಅದು. ಕಾರ್ಖಾನೆ ಮುಚ್ಚಿದ ಮೇಲೆ ಈ ತೇವದ ಗೋಡೆಗೆ ತಾವೇ ಸುಣ್ಣ ಬಳಿದು ಇದನ್ನು ಶುರುಮಾಡಿದರು. ಈಗ ಅರವತ್ತೊಂದು ವಯಸ್ಸು.

ಮೊದಲೆಲ್ಲ ಹೀಗೆ ಹೆದರುತ್ತಿರಲಿಲ್ಲ. ಕಳೆದ ಫೆಬ್ರವರಿಯ ಒಂದು ಮಧ್ಯಾಹ್ನ, ಎಲ್ಲರೂ ಹೋದ ಮೇಲೆ ಮೇಜು ಒರೆಸುವಾಗ ಒಂದು ಸಣ್ಣ ಸ್ಕ್ರೂ ಸಿಕ್ಕಿತು. ಹಾಡುವ ಆಟಿಕೆ ಬಾತುಕೋಳಿಯೊಂದಕ್ಕೆ ಸೆಲ್ ಬದಲಿಸಿದ್ದು ನೆನಪಾಯಿತು. ಮುಚ್ಚಳಕ್ಕೆ ಸ್ಕ್ರೂ ಹಾಕುವಷ್ಟರಲ್ಲಿ ಯಾರೋ ಕರೆದಿದ್ದರು.

"ಅದ್ರೊಳಗೆ ವಾಚಿನ ಸೆಲ್ಲಿನಂಥದ್ದು, ಚಪ್ಪಟೆ. ಮಗು ನುಂಗಿದ್ರೆ ಒಳಗೇ ಸುಡುತ್ತೆ. ಬಾತುಕೋಳಿ ಯಾರು ಒಯ್ದರೋ ಗೊತ್ತಿರಲಿಲ್ಲ," ಎನ್ನುತ್ತಾರೆ ಸಾಫ್ತಾ.

ಮೆಟ್ಟಿಲು ಹತ್ತಿ ಒಂದೊಂದೇ ಬಾಗಿಲು ತಟ್ಟಿದರು. "ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ಯಾ, ಸಾಫ್ತಕ್ಕ?" ಎಂದು ನಕ್ಕವರೂ ಇದ್ದರು. ಮೂರನೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಓಲ್ಗುತ್ಸಾ ಬಾಗಿಲು ತೆರೆದಳು. ಕಂಕುಳಲ್ಲಿ ಒಂದೂವರೆ ವರ್ಷದ ಮಗಳು ಸಾಂದಾ.

"ಹಲ್ಲು ಬರ್ತಿರಬೇಕು ಅಕ್ಕ. ಆಗಿನಿಂದ ಒಂದೇ ಸಮ ಜೊಲ್ಲು, ಹಾಲೂ ಬೇಡ ಅಂತಾಳೆ."

ಮೇಜಿನ ಕೆಳಗೆ ಬಾತುಕೋಳಿ ಬಿದ್ದಿತ್ತು. ಮುಚ್ಚಳ ತೆರೆದಿತ್ತು, ಒಳಗೆ ಖಾಲಿ.

"ಏನೂ ಹುಡುಕಬೇಡ," ಎಂದರು ಸಾಫ್ತಾ. "ಮಗೂನ ಎತ್ಕೊಂಡು ನಡಿ."

ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಮಗುವಿನ ಎದೆಯ ಮೇಲ್ಭಾಗದಲ್ಲಿ ದುಂಡಗಿನ ಬಿಳಿ ಚುಕ್ಕೆ. ಕೂಡಲೇ ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನಲ್ಲಿ, ಓಲ್ಗುತ್ಸಾ ಕೇಳುವ ಮೊದಲೇ ಸಾಫ್ತಾ ಹೇಳಿದರು: "ಸ್ಕ್ರೂ ಮರೆತದ್ದು ನಾನು." ಓಲ್ಗುತ್ಸಾ ಎದ್ದು ಹೋಗಿ ದೂರದ ಬೆಂಚಿನಲ್ಲಿ ಕುಳಿತಳು. ವೈದ್ಯರು ಸೆಲ್ ಹೊರತೆಗೆದರು. ಸಣ್ಣ ಸುಟ್ಟಗಾಯ ಮಾಯುವವರೆಗೆ ಮೂರು ವಾರ ಮಗುವಿಗೆ ತಿಳಿ ಸೂಪೇ ಊಟ.

ಸಾಫ್ತಾ ಕೋಣೆಗೆ ಬೀಗ ಹಾಕಿದರು. ಅಂಗಡಿಯ ಸಾಲಿನಲ್ಲಿ ಜನ ಪಿಸುಗುಟ್ಟುತ್ತಿದ್ದರು. ಏಪ್ರಿಲ್‌ನಲ್ಲಿ ಅವರ ಬಾಗಿಲು ತಟ್ಟಿದವಳು ಓಲ್ಗುತ್ಸಾ. ಕೈಯಲ್ಲಿ ಸಾಂದಾಳಿಗೆ ಚಿಕ್ಕದಾದ ಬಟ್ಟೆಗಳು ತುಂಬಿದ ಚೀಲ.

"ನಿನ್ನ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ ಅಕ್ಕ," ಎಂದಳು. "ಆದ್ರೆ ನೀನು ಹುಡುಕಿಕೊಂಡು ಬರದೇ ಇದ್ದಿದ್ರೆ ನಾನು ಹಲ್ಲು ಅಂತಲೇ ಕೂತಿರ್ತಿದ್ದೆ. ಕೋಣೆ ಬಾಗಿಲು ತೆಗಿ. ಆಟಿಕೆ ಇನ್ಮೇಲೆ ಇಬ್ರೂ ನೋಡೋಣ."

ಈಗ ಎದುರಿನ ಕುರ್ಚಿಯಲ್ಲಿ ಅವಳೂ ಇದ್ದಾಳೆ. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಮತ್ತೆ ನೋಡುತ್ತಾರೆ. ಭಯ ಕಡಿಮೆಯಾಯಿತೇ ಎಂದು ಕೇಳುತ್ತೇನೆ.

"ಇಲ್ಲ. ಶನಿವಾರ ಆಟಿಕೆ ಕೊಟ್ಟು ಕಳಿಸಿದ್ಮೇಲೆ ಸೋಮವಾರದವರೆಗೂ ಫೋನ್ ಬಂದ್ರೆ ಎದೆ ಝಲ್ಲನ್ನುತ್ತೆ," ಎನ್ನುತ್ತಾರೆ ಸಾಫ್ತಾ. "ಹಾಗನ್ನಿಸೋದು ನಿಂತ್ರೆ ನಾನು ಮೈಮರೆತೆ ಅಂತರ್ಥ; ಆ ದಿನ ಈ ಕೆಲಸ ಇವಳಿಗೆ ಬಿಟ್ಟು ಮನೆಗೆ ಹೋಗ್ತೀನಿ. ಅಲ್ಲಿವರೆಗೂ ನಾನೂ ನೋಡ್ಬೇಕು."